ಜೆಟ್ಟಿನೊಳಗೆ ಒಂದೆಳೆ ತಾಮ್ರ

ಆಗ ನಮ್ಮ ಊರಿನಲ್ಲಿ ಬೈಕು ಇದ್ದವರನ್ನು ಯಾರೂ ಚೆನ್ನಾಗಿದ್ದೀಯಾ ಎಂದು ಕೇಳುತ್ತಿರಲಿಲ್ಲ. ಲೀಟರಿಗೆ ಎಷ್ಟು ಕೊಡ್ತದೆ ಎಂದು ಕೇಳುತ್ತಿದ್ದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಅಲ್ಲೂ ಅದೇ ಮಾತು. ಒಬ್ಬ ಒಂದು ಲೆಕ್ಕ ಹೇಳಿದರೆ ಇನ್ನೊಬ್ಬ ಅದರ ಮೇಲೆ ಸ್ವಲ್ಪ ಸೇರಿಸುತ್ತಿದ್ದ. ಹಸು ಎಷ್ಟು ಕರೆಯುತ್ತದೆ ಎಂಬ ವಿಷಯದಲ್ಲಿ ಯಾರೂ ಸುಳ್ಳು ಹೇಳುವ ಹಾಗಿರಲಿಲ್ಲ, ಅಳೆಯುವವನು ಎದುರಿಗೇ ಕೂತಿರುತ್ತಿದ್ದ. ಆ ಕೊರತೆಯನ್ನೆಲ್ಲ ಬೈಕಿನ ವಿಷಯದಲ್ಲಿ ತುಂಬಿಕೊಳ್ಳುತ್ತಿದ್ದರು.

ನಮ್ಮ ಯಜಮಾನರದ್ದು ಒಂದು ಚಿಕ್ಕ ಬೈಕು. ಶ್ರೀರಂಗಪಟ್ಟಣದ ಒಬ್ಬ ಗುಮಾಸ್ತರು ಮಾರಿದ್ದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಗಾಡಿ, ಹೊರಟರೆ ಹಿಂದೆ ನೀಲಿ ಹೊಗೆ. ಒಂದು ಯುಗಾದಿಗೆ ನಾಗಮಂಗಲದಿಂದ ಬಂದಿದ್ದ ನನ್ನ ಅಣ್ಣ, ಹೋಳಿಗೆ ಊಟ ಮುಗಿಸಿ ಸುಮ್ಮನೆ ಮಲಗುವುದು ಬಿಟ್ಟು, ಅದರ ಕಾರ್ಬ್ಯುರೇಟರು ಬಿಚ್ಚಿದ. ಪೆಟ್ರೋಲು ಇಂಜಿನ್ನಿಗೆ ಹೋಗುವುದು ಅದರೊಳಗಿನ ಜೆಟ್ಟು ಎಂಬ ಹಿತ್ತಾಳೆ ಮೊಳೆಯ ಸಣ್ಣ ತೂತಿನಿಂದ. ಹಳೇ ಕರೆಂಟು ವೈರಿನಿಂದ ಒಂದೇ ಒಂದು ಎಳೆ ತಾಮ್ರ ಬಿಡಿಸಿ ಆ ತೂತಿಗೆ ತೂರಿಸಿದರೆ ತೂತು ಕಿರಿದಾಗುತ್ತದೆ, ಪೆಟ್ರೋಲು ಕಡಿಮೆ ಹೋಗುತ್ತದೆ, ಅದೇ ಟ್ಯಾಂಕಿಗೆ ಗಾಡಿ ಹೆಚ್ಚು ದೂರ ಓಡುತ್ತದೆ. ಅಣ್ಣ ತೂರಿಸಿದ. ಮಾರನೇ ವಾರದಿಂದ ಡೈರಿಯ ಮುಂದೆ ನಮ್ಮ ಯಜಮಾನರದ್ದೇ ಎಲ್ಲರಿಗಿಂತ ದೊಡ್ಡ ಲೆಕ್ಕ. ಸುಳ್ಳೂ ಅಲ್ಲ. ಊರಿನ ಅರ್ಧ ಗಾಡಿಗಳಿಗೆ ಅವರೇ ಎಳೆ ಹಾಕಿಕೊಟ್ಟರು. ಒಬ್ಬರೇ ಕೂತು ಸಮತಟ್ಟು ರಸ್ತೆಯಲ್ಲಿ ಕೆ.ಆರ್. ಪೇಟೆಗೆ ಹೋಗಿ ಬರುವುದಕ್ಕೆ ಅದು ಚೆನ್ನಾಗಿಯೇ ಇತ್ತು.

ನಮ್ಮದು ಶೀಳನೆರೆಯಿಂದ ಒಳಗೆ ತಿರುಗಿದರೆ ಸಿಗುವ ಸಣ್ಣ ಊರು. ನಾಲೆಯಿಲ್ಲದ ಮೇಲುಭೂಮಿ, ಬಾವಿ ನೀರಿನ ಬೇಸಾಯ. ಮನೆಗೆ ಅಂಟಿಕೊಂಡ ಹಾಗೆ ರೇಷ್ಮೆ ಹುಳದ ಕೋಣೆ. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಇಡುವ ಮರದ ಸ್ಟ್ಯಾಂಡು, ಇರುವೆ ಹತ್ತದಂತೆ ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲು. ಹುಳದ ಕೆಲಸ ನಮ್ಮತ್ತೆಯದು, ಮದುವೆಯಾಗಿ ಬಂದ ಮೇಲೆ ನನ್ನದೂ. ಹುಳ ಇದ್ದಷ್ಟು ದಿನ ಆ ಕೋಣೆಗೆ ಬಾಣಂತಿ ಕೋಣೆಯ ಕಟ್ಟುಪಾಡು. ಬೀಡಿ ಸೇದಿದವರು, ಒಗ್ಗರಣೆ ಕೈಯವರು, ಹೂ ಮುಡಿದವರು ಕೂಡ ಒಳಗೆ ಬರುವಂತಿಲ್ಲ. ಹುಳಕ್ಕೆ ವಾಸನೆ ಆಗುವುದಿಲ್ಲ. ಬೈಕಂತೂ ಅಂಗಳಕ್ಕೇ ಬರುತ್ತಿರಲಿಲ್ಲ, ಬೀದಿಯಾಚೆ ಹುಣಸೆಮರದ ಕೆಳಗೆ ನಿಲ್ಲಬೇಕು. ಯಜಮಾನರು ಅಲ್ಲಿಂದ ಬಂದು, ಬೂದಿ ಹಾಕಿ ಕೈ ತಿಕ್ಕಿ ತೊಳೆದು, ಅತ್ತೆಯ ಮೂಗಿನ ಮುಂದೆ ಅಂಗೈ ಹಿಡಿಯಬೇಕು. ಅತ್ತೆ ತಲೆ ಆಡಿಸಿದರೆ ಒಳಗೆ. ಇಲ್ಲವಾದರೆ ಮತ್ತೆ ಬೂದಿ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ನಡುವಿನ ಒಂದು ಬೆಳೆಯ ಮಾತು. ಅದರ ಹಿಂದಿನ ಬೆಳೆ ಸಪ್ಪೆ ರೋಗ ಬಂದು ಪೂರಾ ತಿಪ್ಪೆಗೆ ಹೋಗಿತ್ತು. ಇದೂ ಕೈಕೊಟ್ಟರೆ ಹಿಪ್ಪುನೇರಳೆ ತೋಟ ಕಿತ್ತು, ಪಕ್ಕದ ಹೊಲದವರ ಹಾಗೆ ಟೊಮೇಟೊ ಹಾಕುವುದೇ ಸೈ ಎಂದು ಯಜಮಾನರು ಹೇಳಿಬಿಟ್ಟಿದ್ದರು. ಆ ತೋಟ ಅತ್ತೆ ಈ ಮನೆಗೆ ಬಂದ ಹೊಸತರಲ್ಲಿ ತಾವೇ ಬಗ್ಗಿ ಕಡ್ಡಿ ನೆಟ್ಟದ್ದು. ಈ ಸಲದ ಹುಳವನ್ನು ಅವರು ನೋಡಿಕೊಂಡ ರೀತಿಯಲ್ಲೇ ಉತ್ತರ ಇತ್ತು. ತಟ್ಟೆ ಬದಲಿಸುವಾಗ ನನ್ನ ಬಳೆ ತಗುಲಿ ಸದ್ದಾದರೂ ತಿರುಗಿ ನೋಡುತ್ತಿದ್ದರು.

ಹುಳ ನಾಲ್ಕನೇ ಜ್ವರ ಎದ್ದಿತ್ತು. ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಮಲಗಿ, ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ಕಳೆದ ಮೇಲೆ ಒಂದು ವಾರ ಬರೀ ತಿನ್ನುವುದೇ. ಅಲ್ಲಿವರೆಗೆ ತಿಂದದ್ದೆಲ್ಲ ಒಂದು ತೂಕ, ಆ ವಾರದ್ದೇ ಇನ್ನೊಂದು ತೂಕ. ಆಮೇಲೆ ಮೈ ಹಳದಿಗೆ ತಿರುಗಿ ಹಣ್ಣಾಗುತ್ತದೆ, ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ಚಂದ್ರಿಕೆಗಳನ್ನು ಆಗಲೇ ಕೆ.ಆರ್. ಪೇಟೆಯಿಂದ ಬಾಡಿಗೆಗೆ ತಂದು ಗೋಡೆಗೆ ಒರಗಿಸಿದ್ದೆವು. ಕೋಣೆಯ ಬಾಗಿಲಲ್ಲಿ ನಿಂತರೆ ಹುಳ ಮೇಯುವ ಸದ್ದು ಕೇಳುತ್ತಿತ್ತು, ದೂರದಲ್ಲಿ ಯಾರೋ ಮೊರದಲ್ಲಿ ತೌಡು ಕೇರುತ್ತಿರುವ ಹಾಗೆ.

ಪಕ್ಕದ ಹೊಲದವರು ಟೊಮೇಟೊಗೆ ಔಷಧಿ ಹೊಡೆದದ್ದು ಆಗಲೇ. ಗಾಳಿ ನಮ್ಮ ಕಡೆ ಇತ್ತು. ಬೆಳಿಗ್ಗೆ ಸೊಪ್ಪು ಬಿಡಿಸಲು ಹೋದ ಅತ್ತೆ ಬರಿಯ ಮಂಕರಿ ಹಿಡಿದು ವಾಪಸು ಬಂದರು. ತೋಟದ ಬದುವಿನಲ್ಲೇ ಔಷಧಿಯ ಘಾಟು. ಬೇಲಿಯ ದೂರದ ಮೂಲೆಯಲ್ಲಿ ನಾಲ್ಕು ಸಾಲು ಚೆನ್ನಾಗಿದ್ದವು, ಅದು ಬೆಳಗಿನ ಒಂದು ಮೇವಿಗೇ ಮುಗಿದುಹೋಯಿತು. ಊರಿನಲ್ಲಿ ಕೇಳಿದೆವು. ಎಲ್ಲರ ಮನೆಯಲ್ಲೂ ಹುಳ ಅದೇ ಹದದಲ್ಲಿತ್ತು, ಯಾರಿಗೂ ಕೊಡುವಷ್ಟು ಇರಲಿಲ್ಲ. ಕೊನೆಗೆ ಪಾಂಡವಪುರದ ಆಚೆ, ನಾಲೆ ಬದಿಯ ಒಂದು ಊರಿನಲ್ಲಿ, ಹುಳ ಸಾಕದೆ ಸೊಪ್ಪು ಮಾತ್ರ ಬೆಳೆದು ಮಾರುವ ಒಬ್ಬ ಮುದುಕರು ಇದ್ದಾರೆ ಎಂದು ಗೊತ್ತಾಯಿತು. ನಮ್ಮೂರಿಗೆ ದಿನಕ್ಕೆ ಎರಡೇ ಬಸ್ಸು. ಯಜಮಾನರು ಬೈಕು ತೆಗೆದರು.

ಹೋಗುವುದೇನೋ ಹೋದರು. ಬರುವಾಗ ಹಿಂದಿನ ಕ್ಯಾರಿಯರಿಗೆ ಎರಡು ದೊಡ್ಡ ಹೊರೆ, ಟ್ಯಾಂಕಿನ ಮೇಲೆ ಅಡ್ಡಡ್ಡ ಒಂದು ಸಣ್ಣದು, ಎಲ್ಲದಕ್ಕೂ ಒದ್ದೆ ಗೋಣಿ ಸುತ್ತಿ. ಶೀಳನೆರೆಯಿಂದ ನಮ್ಮೂರಿಗೆ ತಿರುಗಿದ ಮೇಲೆ ಒಂದು ಉದ್ದನೆಯ ದಿಣ್ಣೆ ಇದೆ. ಅಲ್ಲಿ ಎಕ್ಸಲೇಟರ್ ಪೂರಾ ತಿರುವಿದಾಗ ಗಾಡಿ ಎಳೆಯುವ ಬದಲು ಗೂರತೊಡಗಿತಂತೆ, ಕಾದು ನಿಂತೇಹೋಯಿತಂತೆ. ಆರಲಿ ಎಂದು ಕಾದು, ಸ್ಟಾರ್ಟು ಮಾಡಿ, ನಾಲ್ಕು ಮಾರು ಹತ್ತಿಸಿ, ಮತ್ತೆ ನಿಂತು. ಮಧ್ಯಾಹ್ನದ ಬಿಸಿಲು. ಅವರು ಬರುವ ಹೊತ್ತಿಗೆ ಹೊರೆಯೊಳಗೆ ಕೈ ಹಾಕಿದರೆ ಸೊಪ್ಪು ಗೊಬ್ಬರದ ಗುಂಡಿಯ ಹಾಗೆ ಬಿಸಿ. ಅರ್ಧಕ್ಕರ್ಧ ಕಪ್ಪಗಾಗಿತ್ತು. ಉಳಿದದ್ದನ್ನು ನಾನೂ ಅತ್ತೆಯೂ ತಟ್ಟೆಗಳ ಮೇಲೆ ತೆಳ್ಳಗೆ ಹರಡಿದೆವು. ಸ್ವಲ್ಪ ಹೊತ್ತು ತೌಡು ಕೇರಿದ ಸದ್ದು. ಆಮೇಲೆ ಸದ್ದು ನಿಂತಿತು. ಹಸಿದ ಹುಳ ಏನೂ ಮಾಡುವುದಿಲ್ಲ, ಕೂಗುವುದಿಲ್ಲ. ಮುಂದಿನ ಅರ್ಧ ಮೈ ಎತ್ತಿ ಗಾಳಿಯಲ್ಲಿ ಆ ಕಡೆ ಈ ಕಡೆ ತೂಗುತ್ತದೆ. ಒಂದು ತಟ್ಟೆಯ ಹುಳವೆಲ್ಲ ಒಟ್ಟಿಗೆ ಹಾಗೆ ಮಾಡುವಾಗ ಅಲ್ಲಿ ನಿಲ್ಲಲು ಆಗುವುದಿಲ್ಲ.

"ನಿಮ್ಮಣ್ಣ ಆಕ್ದ ಎಳೆ ಕಣಮ್ಮಿ ಇದು," ಎಂದರು ಅತ್ತೆ, ತಿರುಗಿ ನೋಡದೆ. "ಗಾಡಿ ಒಟ್ಟೆಗೂ ಕಲ್ಲಾಕ್ದ, ನಮ್ ಉಳದ್ ಒಟ್ಟೆಗೂ ಕಲ್ಲಾಕ್ದ."

ನನಗೆ ಅಳು ಬಂತು, ಆದರೆ ಮಾತು ಸುಳ್ಳೇನಲ್ಲ. ಸಮತಟ್ಟಿನಲ್ಲಿ ಸಾಕಾಗುವ ಪೆಟ್ರೋಲು ಹೊರೆ ಹೊತ್ತು ದಿಣ್ಣೆ ಹತ್ತುವಾಗ ಸಾಲುತ್ತಿರಲಿಲ್ಲ. ಯಜಮಾನರಿಗೂ ಅದು ಗೊತ್ತಿತ್ತು. ಪ್ಲಗ್ಗು ಬಿಚ್ಚಿ ನೋಡಿದರು, ಕಾಫಿ ಪುಡಿಯ ಬಣ್ಣ ಇರಬೇಕಾದದ್ದು ಸುಣ್ಣದ ಹಾಗೆ ಬೆಳ್ಳಗೆ. ಸಂಜೆ ಬಿಸಿಲು ಇರುವಾಗಲೇ ಹುಣಸೆಮರದ ಕೆಳಗೆ ಗೋಣಿ ಹಾಸಿ ಕೂತು ಕಾರ್ಬ್ಯುರೇಟರು ಕೆಳಗಿಳಿಸಿದರು. ತಿರುಪುಗಳು ಕಳೆಯದಿರಲಿ ಎಂದು ನಾನು ಹಿತ್ತಾಳೆ ತಟ್ಟೆ ಹಿಡಿದು ಎದುರಿಗೆ ಕೂತೆ. ಜೆಟ್ಟಿನಿಂದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಎಳೆದರು. ನನ್ನ ತಲೆಗೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೆ. ತೂತಿಗೆ ಬಾಯಿಟ್ಟು ಊದಿದರು, ಆಕಾಶಕ್ಕೆ ಹಿಡಿದು ಕಣ್ಣಿಟ್ಟು ನೋಡಿದರು, ಮತ್ತೆ ಊದಿದರು. ಆ ಕಡೆಯಿಂದ ಹೋದವರೆಲ್ಲ ನಿಂತು ಒಂದೊಂದು ಬುದ್ಧಿ ಹೇಳಿದರು. ಒಬ್ಬ, ಎಳೆ ತೆಗೆದರೆ ನಾಳೆಯಿಂದ ಡೈರಿ ಮುಂದೆ ಬಾಯಿ ಬಿಡಂಗಿಲ್ಲ ಬುಡು ಎಂದು ನಗಾಡಿ ಹೋದ. ಯಜಮಾನರು ತಲೆ ಎತ್ತಲಿಲ್ಲ.

ಮುಚ್ಚುವಾಗ ನೋಡಿದರೆ ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲಿಗೂ ಮೇಲಿನ ಭಾಗಕ್ಕೂ ನಡುವೆ ಇರುವ ಕಾಗದದ ಪಟ್ಟಿ ಹರಿದಿತ್ತು. ಪೆಟ್ರೋಲು ಜಿನುಗದಂತೆ ತಡೆಯುವುದು ಅದೇ. ಅಂಗಡಿಗೆ ಹೋಗಬೇಕೆಂದರೆ ಕೆ.ಆರ್. ಪೇಟೆ, ಅಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಅಂಗಡಿ ತೆಗೆಯುವವರೆಗೆ ಕಾದರೆ ಸೊಪ್ಪು ತರುವುದು ಮತ್ತೆ ಮಧ್ಯಾಹ್ನ. ನಮ್ಮ ಕಡೆ ಇಂಥದ್ದಕ್ಕೆಲ್ಲ ಲಗ್ನಪತ್ರಿಕೆಯೇ ಮದ್ದು. ಬಾವಿಯ ಪಂಪಿಗೂ ಅವರು ಅದರಲ್ಲೇ ಪಟ್ಟಿ ಕತ್ತರಿಸಿ ಹಾಕಿದ್ದರು, ವರ್ಷದಿಂದ ನಿಂತಿತ್ತು. ಒಂದು ದಪ್ಪನೆಯ ಪತ್ರಿಕೆ ತರಿಸಿಕೊಂಡು, ಬಟ್ಟಲಿನ ಅಂಚನ್ನು ಅದರ ಮೇಲೆ ಒತ್ತಿ ಗುರುತು ತೆಗೆದು, ಕತ್ತರಿಯಲ್ಲಿ ನಿಧಾನವಾಗಿ ಕತ್ತರಿಸಿದರು. ಚಿನ್ನದ ಬಣ್ಣದ ಕಲಶದ ಚಿತ್ರ ಅರ್ಧ ಒಳಗೆ ಹೋಯಿತು. ಎಲ್ಲ ಬಿಗಿದು, ಗಾಳಿ ತಿರುಪನ್ನು ಇಷ್ಟಿಷ್ಟೇ ತಿರುಗಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ. ಕೊನೆಗೆ ಒಂದು ಕಡೆ ಗಾಡಿಯ ಸದ್ದು ಸರಿಹೋಯಿತು. ಅದು ನನಗೂ ಗೊತ್ತಾಯಿತು, ಅಳುವ ಮಗು ಎದೆಗೆ ಬಾಯಿ ಹಾಕಿದ ಮೇಲೆ ಉಸಿರು ಸರಿಹೋಗುತ್ತದಲ್ಲ, ಹಾಗೆ. ಆ ದಿನದಲ್ಲಿ ಮೊದಲನೇ ಸಲ ಅವರು ನನ್ನ ಮುಖ ನೋಡಿದರು.

ಪಂಪಿನಲ್ಲಿ ಹೋಗುವುದು ನೀರು, ಇದರಲ್ಲಿ ಪೆಟ್ರೋಲು. ಆ ವ್ಯತ್ಯಾಸ ಆಗ ಯಾರಿಗೂ ಹೊಳೆಯಲಿಲ್ಲ.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಹೊರಟರು. ಹುಳಕ್ಕೆ ಹಾಕಲು ಏನೂ ಇರಲಿಲ್ಲ. ನಾನೂ ಅತ್ತೆಯೂ ತಟ್ಟೆಯಲ್ಲಿದ್ದ ಒಣ ದಂಟುಗಳನ್ನು ಆರಿಸಿ ತೆಗೆದೆವು, ಕೆಲಸ ಬೇಕು ಎಂದು ಅಷ್ಟೆ. ಅಂಚಿಗೆ ಬಂದ ಹುಳಗಳನ್ನು ಮತ್ತೆ ನಡುವಿಗೆ ಬಿಟ್ಟೆವು, ಅವು ಮತ್ತೆ ಅಂಚಿಗೆ ಬಂದವು. ಬಿಸಿಲು ಏರುವುದರೊಳಗೆ ದಿಣ್ಣೆಯ ಕಡೆಯಿಂದ ಗಾಡಿಯ ಸದ್ದು ಕೇಳಿಸಿತು. ಎಲ್ಲೂ ನಿಲ್ಲಲಿಲ್ಲ, ಮುಕ್ಕರಿಯಲಿಲ್ಲ. ಅತ್ತೆ ಕಣ್ಣು ಮುಚ್ಚಿ ಗೋಡೆ ಕಡೆ ತಿರುಗಿ ಕೈ ಮುಗಿದರು.

ಸೊಪ್ಪಿನ ಹೊರೆಯನ್ನು ಬಂದ ತಕ್ಷಣ ಬಿಚ್ಚಿ ಕೆದರಿ ನೀರು ಚಿಮುಕಿಸಬೇಕು, ಇಲ್ಲವಾದರೆ ಬಿಸಿಯಾಗುತ್ತದೆ. ಹಿಂದಿನ ದಿನ ಅದರಿಂದಲೇ ಕೆಟ್ಟದ್ದು. ನಾವು ಹುಳದ ಕೋಣೆಯಿಂದ ಬರುವುದರೊಳಗೆ ಯಜಮಾನರು ಮೂರೂ ಹೊರೆಯನ್ನು ನಡುಮನೆಯಲ್ಲಿ ಸೊಪ್ಪು ಇಡುವ ಮೂಲೆಯಲ್ಲಿ ಸುರಿದು, ಎರಡೂ ಕೈಯಿಂದ ಎತ್ತಿ ಎತ್ತಿ ಕೆದರಿ ಬೆರೆಸಿ, ಕೊಡದಿಂದ ನೀರು ಚಿಮುಕಿಸುತ್ತಿದ್ದರು. ಎಲ್ಲ ಸರಿಯಾಗಿಯೇ ಮಾಡಿದ್ದರು. ಸೊಪ್ಪು ಎಳೆಯದು, ತಂಪಾಗಿತ್ತು, ಹೊಳೆಯುತ್ತಿತ್ತು.

ಅತ್ತೆ ಹೊಸ್ತಿಲಲ್ಲೇ ನಿಂತರು.

"ಏನ್ಲಾ ವಾಸ್ನೆ ಅದು?"

"ನನ್ ಮೈದು ಕಣವ್ವ. ಗಾಡಿ ಮ್ಯಾಗಿಂದ ಈಗ್ ಇಳಿದ್ನಲ್ಲ."

"ನೀ ಒರಗೋಗು."

ಅವರು ಹೋದರು. ವಾಸನೆ ಹೋಗಲಿಲ್ಲ.

ಲಗ್ನಪತ್ರಿಕೆಯ ಪಟ್ಟಿ ಪೆಟ್ರೋಲು ಕುಡಿದು ಮೆತ್ತಗಾಗಿ ಒಂದು ಕಡೆ ಬಾಯಿಬಿಟ್ಟಿತ್ತು. ಜಿನುಗಿದ ಪೆಟ್ರೋಲನ್ನು, ಟ್ಯಾಂಕಿನ ಮೇಲಿನ ಹೊರೆಗೆ ಸುತ್ತಿ ಅವರ ಮೊಣಕಾಲಿನ ಪಕ್ಕ ಇಳಿಬಿದ್ದಿದ್ದ ಗೋಣಿ, ದೀಪದ ಬತ್ತಿಯ ಹಾಗೆ ದಾರಿಯುದ್ದಕ್ಕೂ ಮೇಲಕ್ಕೆಳೆದುಕೊಂಡಿತ್ತು. ಕೆಟ್ಟದ್ದು ಆ ಒಂದು ಸಣ್ಣ ಹೊರೆ ಮಾತ್ರ. ಆದರೆ ಈಗ ಮೂರೂ ಬೆರೆತಿದ್ದವು. ಬರೀ ಪೆಟ್ರೋಲಾಗಿದ್ದರೆ ಗಾಳಿಗೆ ಹಾರಿಹೋಗುತ್ತಿತ್ತೋ ಏನೋ, ಆಯಿಲ್ ಹಾರುವುದಿಲ್ಲ. ಆಯಿಲ್ ಹತ್ತಿದ ಎಲೆ ಹೊಳೆಯುತ್ತದೆ. ನೀರು ಚಿಮುಕಿಸಿದ ಎಲೆಯೂ ಹೊಳೆಯುತ್ತದೆ.

ಒಂದೊಂದೇ ಎಲೆ ಮೂಸಿ ಆರಿಸಲು ಕೂತೆವು. ಮೂಸಿ, ಕೆನ್ನೆಗೆ ಸವರಿ ನೋಡಿ, ಈ ಕಡೆ ಅಥವಾ ಆ ಕಡೆ. ಒಂದು ಮಂಕರಿಯಷ್ಟು ಆಗುವುದರೊಳಗೆ ಮೂಗು ಸತ್ತುಹೋಯಿತು. ಎಲ್ಲ ಎಲೆಯೂ ಪೆಟ್ರೋಲು ಅನ್ನಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಯಾವುದೂ ಅಲ್ಲ ಅನ್ನಿಸುತ್ತಿತ್ತು. ಅಂಗಳಕ್ಕೆ ಹೋಗಿ ಗಾಳಿ ಕುಡಿದು ಬಂದು ಮತ್ತೆ ಕೂರುತ್ತಿದ್ದೆವು. ಪಕ್ಕದ ಹೊಲದವರ ಹೆಂಡತಿ ವಿಷಯ ಕೇಳಿ ಬಂದರು. ಅವರ ಗಂಡ ಹೊಡೆದ ಔಷಧಿಯಿಂದಲೇ ಇಷ್ಟೆಲ್ಲ. ಬಾಗಿಲಲ್ಲಿ ನಿಂತು, ನನ್ನ ಮೂಗು ಹೊಸಾದು ಕಣತ್ತೆ, ನಾನು ನೋಡ್ಲಾ ಎಂದರು. ಅತ್ತೆ ಕೂತಿದ್ದ ಚಾಪೆಯಲ್ಲಿ ಸರಿದು ಜಾಗ ಕೊಟ್ಟರು. ಮೂವರೂ ಮೂಸಿದೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ಹೆಂಗಸಿನ ಮೂಗೂ ಸತ್ತಿತು.

ಹೊರಗೆ ಯಜಮಾನರು ಮತ್ತೆ ಬೈಕಿನ ಕಡೆ ನಡೆದಾಗ ಅತ್ತೆ ಒಳಗಿನಿಂದಲೇ, ಅದ್ರಲ್ಲಿ ಬ್ಯಾಡ ಎಂದರು. ಅವರು ಸಂಜೆಯ ಬಸ್ಸು ಹತ್ತಿ ಹೋದರು. ಮುದುಕರ ತೋಟದಲ್ಲೇ ಉಳಿದು, ಬೆಳಗಿನ ಮೊದಲ ಬಸ್ಸಿನ ಮೇಲೆ ಸೊಪ್ಪು ಹಾಕಿಸಿಕೊಂಡು ಬರುವುದು ಎಂದಾಯಿತು. ಅಲ್ಲಿವರೆಗೆ ಹುಳ ತಡೆಯಬೇಕು.

ಆರಿಸಿದ ಸೊಪ್ಪು ಒಂದು ಮಂಕರಿ ಒಳ್ಳೆಯದು ಅನ್ನಿಸಿತ್ತು. ಅನ್ನಿಸಿತ್ತು, ಅಷ್ಟೆ. ಹಾಕುವುದು ಬೇಡ ಎಂದು ಅತ್ತೆ ಖಂಡಿತವಾಗಿ ಹೇಳಿದರು. ಉಪವಾಸ ಇದ್ದರೆ ಗೂಡು ಸಣ್ಣದಾದೀತು, ವಿಷ ತಿಂದರೆ ಗೂಡೇ ಇರುವುದಿಲ್ಲ. ಅವರ ಆಯುಸ್ಸೆಲ್ಲ ಹುಳದ ಜೊತೆಗೇ ಕಳೆದಿತ್ತು. ದನಕ್ಕೆ ನೀರಿಟ್ಟು, ದೀಪ ಹಚ್ಚಿ ಬಂದೆ. ಕೋಣೆಯಲ್ಲಿ ಅತ್ತೆ ತಟ್ಟೆಗಳ ಮುಂದೆ ನಿಂತಿದ್ದರು. ಎಲ್ಲ ತಟ್ಟೆಯಲ್ಲೂ ಹುಳ ಮೈ ಎತ್ತಿ ತೂಗುತ್ತಿದ್ದವು. ಒಂದು ಹುಳ ಅಂಚು ದಾಟಿ ಅವರ ಹೆಬ್ಬೆರಳಿನ ಮೇಲೆ ಹತ್ತಿ, ಉಗುರಿನ ಸುತ್ತ ಬಾಯಾಡಿಸುತ್ತಿತ್ತು.

"ಆ ಸೊಪ್ ತತ್ತಾ ಅಮ್ಮಿ," ಎಂದರು. "ಎಂಗಾರಾಗ್ಲಿ, ತತ್ತಾ. ನನ್ ಕೈಲಾಗಾಕಿಲ್ಲ."

ಅವರೇ ಹರಡಿದರು. ಮಂಕರಿಯ ಸೊಪ್ಪು ಮೇಲಿನ ಅರ್ಧ ತಟ್ಟೆಗಳಿಗೆ ಬಂತು, ಕೆಳಗಿನವಕ್ಕೆ ಇರಲಿಲ್ಲ. ತೌಡು ಕೇರಿದ ಸದ್ದು ಮತ್ತೆ ಶುರುವಾಯಿತು. ಅತ್ತೆ ಅಲ್ಲೇ ಗೋಡೆಗೆ ಒರಗಿ ಕೂತು ಅದನ್ನು ಕೇಳಿಸಿಕೊಂಡರು.

ಬೆಳಿಗ್ಗೆ ಯಜಮಾನರು ಹೊರೆ ಹೊತ್ತು ಬಂದಾಗ ಮೇಲಿನ ತಟ್ಟೆಗಳ ಹುಳ ಹಸಿರು ನೀರು ಕಾರಿಕೊಂಡು, ಮೈ ಮುದುಡಿ, ಬಿದ್ದಲ್ಲೇ ಹೊರಳುತ್ತಿದ್ದವು. ಕೆಲವಕ್ಕೆ ಏನೂ ಆಗಿರಲಿಲ್ಲ, ಆದರೆ ಯಾವುದಕ್ಕೆ ಆಗಿಲ್ಲ ಎಂದು ಬೇರೆ ಮಾಡಿ ಮುಗಿಸುವುದರೊಳಗೆ ಅವೂ ಕಾರಿದವು. ಏನೂ ತಿನ್ನದ ಕೆಳಗಿನ ತಟ್ಟೆಗಳವು ಹಾಗೆಯೇ ತೂಗುತ್ತಾ ಇದ್ದವು. ಹೊಸ ಸೊಪ್ಪು ಹಾಕಿದ ಕೂಡಲೇ ಮುಗಿಬಿದ್ದು ಮೇಯ್ದವು. ಸತ್ತವನ್ನು ನಾನೇ ಮಂಕರಿಗೆ ತುಂಬಿ ತಿಪ್ಪೆಯಲ್ಲಿ ಗುಂಡಿ ತೋಡಿ ಮುಚ್ಚಿದೆ. ಕೋಳಿಗಳನ್ನು ಕೂಡಿ ಹಾಕಬೇಕಾಯಿತು, ತಿಂದಾವು ಎಂದು.

ಯಜಮಾನರು ಬಾಗಿಲಾಚೆಯೇ ನಿಂತಿದ್ದರು. ಹಿಂದಿನ ದಿನದಿಂದ ಒಳಗೆ ಬಂದಿರಲಿಲ್ಲ. ನಾನು ಹಾಕಿದ್ದು ಕಣ್ಲಾ ಎಂದು ಅತ್ತೆ ಒಂದೇ ಸಲ ಹೇಳಿದರು. ಅವರು, ಪಟ್ಟಿ ನಾನ್ ಕತ್ತರಿಸಿದ್ದು ಅಂದರು. ಗೂಡು ಆಗುವವರೆಗೆ ಅವರು ಬಸ್ಸಿನಲ್ಲೇ ಸೊಪ್ಪು ತಂದರು. ಪಾಂಡವಪುರದಲ್ಲಿ ಅಂಗಡಿಯ ಪಟ್ಟಿ ಕೊಂಡು ಹಾಕಿದ ಮೇಲೆ ಬೈಕು ಒಂದು ತೊಟ್ಟೂ ಜಿನುಗುತ್ತಿರಲಿಲ್ಲ. ಪ್ಲಗ್ಗು ಬಿಚ್ಚಿದರೆ ಕಾಫಿ ಪುಡಿಯ ಬಣ್ಣ. ಅಷ್ಟು ಚೆನ್ನಾಗಿ ಅದು ಹಿಂದೆ ಯಾವತ್ತೂ ಓಡಿರಲಿಲ್ಲ. ಹುಣಸೆಮರದ ಕೆಳಗೆ ಮೈಮೇಲೆ ಎಲೆ ಉದುರಿಸಿಕೊಂಡು ನಿಂತಿತ್ತು.

ಉಳಿದ ಹುಳ ಚಂದ್ರಿಕೆ ಹತ್ತಿದವು. ಗೂಡು ಕಟ್ಟಿದವು, ಇಲ್ಲ ಎನ್ನುವಂತಿಲ್ಲ. ಹಿಸುಕಿದರೆ ಬೆರಳಿಗೆ ತಗ್ಗುವಂಥ ತೆಳು ಗೂಡು. ಮಾರುಕಟ್ಟೆಗೆ ಹೋಗಿಬಂದ ಯಜಮಾನರು ಅಂಗಳದಲ್ಲಿ ಖಾಲಿ ಚೀಲ ಮಡಿಸಿಟ್ಟು ಕೂತರು. ಬಂದ ದುಡ್ಡು ಸೊಪ್ಪಿಗೆ, ಬಸ್ಸಿಗೆ ಕೊಟ್ಟದ್ದಕ್ಕೂ ಸಾಲಲಿಲ್ಲ.

ತೋಟ ಕೀಳಿಸಿದ್ದು ಮುಂಗಾರಿಗೆ ಮೊದಲು. ಹಿಪ್ಪುನೇರಳೆಯ ಬೇರು ಸುಲಭಕ್ಕೆ ಬರುವುದಿಲ್ಲ, ಗುದ್ದಲಿಗೂ ಬಗ್ಗದೆ ಕೊನೆಗೆ ಟ್ರಾಕ್ಟರಿಗೆ ಸರಪಳಿ ಕಟ್ಟಿ ಎಳೆಸಬೇಕಾಯಿತು. ಬೊಡ್ಡೆಗಳು ಬಹಳ ದಿನ ನಮ್ಮ ಸ್ನಾನದ ಒಲೆಯಲ್ಲಿ ಉರಿದವು. ಅಲ್ಲಿ ಟೊಮೇಟೊ ನೆಟ್ಟೆವು. ಔಷಧಿ ಹೊಡೆಯುವಾಗ ಗಾಳಿ ಯಾವ ಕಡೆ ಎಂದು ಈಗ ನಾವೂ ನೋಡಬೇಕಾಗಿರಲಿಲ್ಲ, ಪಕ್ಕದವರೂ ನೋಡಬೇಕಾಗಿರಲಿಲ್ಲ. ತಟ್ಟೆಗಳನ್ನು ಕೇಳಿದವರಿಗೆ ಕೊಟ್ಟೆವು. ಖಾಲಿ ಸ್ಟ್ಯಾಂಡು ಕೋಣೆಯಲ್ಲೇ ಉಳಿಯಿತು, ಅದರ ಕಾಲುಗಳ ಕೆಳಗೆ ಬಟ್ಟಲು ಹಾಗೇ. ಅಭ್ಯಾಸಕ್ಕೆ ಅತ್ತೆ ಸ್ವಲ್ಪ ದಿನ ಅವಕ್ಕೆ ನೀರು ತುಂಬಿಸಿದರು, ಆಮೇಲೆ ಬಿಟ್ಟರು.

ಮುಂಗಾರು ಹಿಡಿದ ಮೇಲೆ ಒಂದು ಸಂಜೆ ಯಜಮಾನರು ತೊಯ್ದುಕೊಂಡು ಬಂದು, ಎಂದಿನಂತೆ ಬೈಕು ಹುಣಸೆಮರದ ಕೆಳಗೆ ನಿಲ್ಲಿಸಿ, ಬಚ್ಚಲ ಹತ್ತಿರ ಬೂದಿ ಹಾಕಿ ಕೈ ತಿಕ್ಕುತ್ತಿದ್ದರು. ಅತ್ತೆ ಜಗಲಿಯ ಮೇಲೆ ಕೂತು ಅದನ್ನು ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಹುಳದ ಕೋಣೆಯ ಬಾಗಿಲಿನ ಎರಡೂ ಕದ ತೆರೆದು, ಸ್ಟ್ಯಾಂಡನ್ನು ಗೋಡೆಯ ಕಡೆಗೆ ತಳ್ಳಿದರು.

"ಮಳೇಲಿ ಯಾಕ್ ನೆನೀಬೇಕ್ಲಾ ಅದು," ಎಂದರು. "ತಂದು ಇಲ್ಲೇ ನಿಲ್ಸು."

ಅವರು ಕೈಯ ಬೂದಿ ತೊಳೆದರು. ಆಮೇಲೆ ಹೋಗಿ, ಸ್ಟಾರ್ಟು ಮಾಡದೆ, ತಳ್ಳಿಕೊಂಡು ಬಂದರು.